ಫಾರ್ಮ್ಯಾಟ್ ಮಾಡುವುದಕ್ಕೆ ಒಪ್ಪುವ ಮೊದಲು ಫೈಲುಗಳನ್ನು ನೀವೇ ತೆರೆದು ನೋಡಿ

ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ ಅಂತ ಅಂಗಡಿಗೆ ಕೊಡುವವರು ದಯವಿಟ್ಟು ಇದನ್ನು ಓದಿ. ನುಡಿ, ಶ್ರೀಲಿಪಿ ಥರದ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳು ಅದರಲ್ಲಿದ್ದರಂತೂ ಪೂರ್ತಿ ಓದಿ.

ನಮ್ಮಪ್ಪ ಮಂಡ್ಯ ಜಿಲ್ಲೆಯಲ್ಲಿ ಶಾಲೆ ಮೇಷ್ಟ್ರಾಗಿದ್ದವರು. ಮಳವಳ್ಳಿ ಕಡೆ, ಮದ್ದೂರು ಕಡೆ, ಎಲ್ಲಿಗೆ ವರ್ಗವಾದರೂ ಅಲ್ಲಿನ ಅಜ್ಜಿಯರ ಹತ್ತಿರ ಕೂತು ಸೋಬಾನೆ ಪದ, ಬೀಸೋ ಪದ ಬರೆದುಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಅವನ್ನೆಲ್ಲ ನುಡಿಯಲ್ಲಿ ತಾವೇ ಟೈಪ್ ಮಾಡಿದರು. ನೋಟ್‌ಬುಕ್ಕುಗಳನ್ನು ಅಷ್ಟರಲ್ಲಿ ಗೆದ್ದಲು ತಿಂದಿತ್ತು.

ಒಂದು ದಿನ ನೀಲಿ ಪರದೆ ಬಂದು ಲ್ಯಾಪ್‌ಟಾಪ್ ನಿಂತುಹೋಯಿತು. ವಿಂಡೋಸ್ ಶುರುವಾಗಲೇ ಇಲ್ಲ. ಮೈಸೂರಿನ ಒಂದು ಸರ್ವೀಸ್ ಅಂಗಡಿಗೆ ಕೊಟ್ಟೆವು. "ವಿಂಡೋಸ್ ಹೋದರೆ ಹೋಗಲಿ, ಫೈಲುಗಳು ಬೇಕು" ಅಂತ ಎದುರಲ್ಲೇ ನಿಂತು ಹೇಳಿದ್ದೆ. ಆಯ್ತು ಅಂದರು. ಆಮೇಲೆ ಫೋನ್ ಬಂತು: "ಮೇಡಂ, ಡೇಟಾ ಎಲ್ಲಾ ಕರಪ್ಟ್ ಆಗಿದೆ. ಓಪನ್ ಮಾಡಿದ್ರೆ ಏನೇನೋ ಬರ್ತಿದೆ. ಸ್ಯಾಂಪಲ್‌ಗೆ ಸ್ವಲ್ಪ ಪೆನ್‌ಡ್ರೈವ್‌ಗೆ ಹಾಕಿದ್ದೀವಿ. ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿ ಆಯ್ತು."

ಮಾಡಿ ಆಗಿತ್ತು, ಅಂದರೆ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿ ಆಗಿತ್ತು. ಕೇಳುವುದಕ್ಕೆ ಮಾಡಿದ ಫೋನ್ ಅಲ್ಲ ಅದು.

ಪೆನ್‌ಡ್ರೈವನ್ನು ಅಂಗಡಿಯಲ್ಲೇ ತೆರೆದು ತೋರಿಸಿದರು. ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಗುರುತು, ತಲೆ ಮೇಲೆ ಗೀಟಿರುವ ಎ ಅಕ್ಷರ. ಅಪ್ಪನ ಮುಖ ನೋಡಲಾಗಲಿಲ್ಲ. ಮನೆಗೆ ಬಂದು ಅದೇ ಪೆನ್‌ಡ್ರೈವನ್ನು ನುಡಿ ಇರುವ ನನ್ನ ಕಂಪ್ಯೂಟರಿಗೆ ಹಾಕಿದೆ. ಅಚ್ಚುಕಟ್ಟಾದ ಕನ್ನಡ. ಒಂದು ಒತ್ತಕ್ಷರವೂ ಕೆಟ್ಟಿರಲಿಲ್ಲ.

ಆಗಿದ್ದಿಷ್ಟು. ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಈಗಿನ ಪದ್ಧತಿ) ಅಲ್ಲದ ಹಳೆಯ ನುಡಿ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ಕೊಡುವುದು 'ನುಡಿ 01 ಇ' ಥರದ ಫಾಂಟು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವರ್ಡ್ ಬೇರೆ ಫಾಂಟ್ ತೋರಿಸುತ್ತದೆ, ಅಕ್ಷರ ಕಲಸಿಹೋದ ಹಾಗೆ ಕಾಣುತ್ತದೆ. ಫೈಲಿಗೆ ಏನೂ ಆಗಿರುವುದಿಲ್ಲ. ಮೈಸೂರಿನಲ್ಲಿ ಕಚೇರಿ ಪತ್ರದಿಂದ ಪಿಎಚ್‌ಡಿ ಪ್ರಬಂಧದವರೆಗೆ ಎಷ್ಟೊಂದು ಕೆಲಸ ನುಡಿಯಲ್ಲಿ ಆಗಿದೆ! ಅಲ್ಲಿ ಅಂಗಡಿ ಇಟ್ಟವರಿಗೆ ಇದು ಗೊತ್ತಿರಬೇಡವೇ? ಕೇಳಿದರೆ, "ನುಡಿ ಅಂತ ನೀವು ಹೇಳಲಿಲ್ಲ" ಅಂದರು. ನನಗೆ ಇಂದಿಗೂ ಸಿಟ್ಟು ಇಳಿದಿಲ್ಲ.

ಪೆನ್‌ಡ್ರೈವಿಗೆ ಹಾಕಿದ್ದಷ್ಟೇ ಉಳಿಯಿತು. ಮಿಕ್ಕಿದ್ದನ್ನು ರಿಕವರಿ ಮಾಡುವವರ ಹತ್ತಿರ ಒಯ್ದರೂ ಸಿಗಲಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಆಸೆ ಇರುತ್ತಿತ್ತು. ಅದರಲ್ಲಿ ಫೈಲ್ ಅಳಿಸುವುದು ಪುಸ್ತಕದ ಪರಿವಿಡಿ ಹರಿದ ಹಾಗೆ. ಅದೇ ಜಾಗಕ್ಕೆ ಬೇರೆ ಏನಾದರೂ ಬರೆಯುವವರೆಗೆ ಒಳಗಿನದು ಇರುತ್ತದೆ, ಫೋಟೋರೆಕ್, ಟೆಸ್ಟ್‌ಡಿಸ್ಕ್‌ನಂಥ ಉಚಿತ ಸಾಫ್ಟ್‌ವೇರ್‌ಗಳು ಹುಡುಕಿ ಕೊಡಬಲ್ಲವು. ನಮ್ಮದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಫೈಲ್ ಇಡುವ ಹೊಸ ಥರದ ಡಿಸ್ಕ್. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಅದಕ್ಕೆ 'ಟ್ರಿಮ್' ಆದೇಶ ಕಳಿಸುತ್ತದೆ, ಡಿಸ್ಕ್ ಆ ಜಾಗವನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಎಂಥ ಸಾಫ್ಟ್‌ವೇರ್ ತಂದರೂ ಬರೀ ಸೊನ್ನೆ.

ವಿಂಡೋಸ್ ಶುರುವಾಗುತ್ತಿಲ್ಲ ಅಂದ ಮಾತ್ರಕ್ಕೆ ಫೈಲುಗಳು ಹೋದವು ಅಂತಲ್ಲ. ತುಂಬಾ ಸಲ ಅವು ಇದ್ದ ಜಾಗದಲ್ಲೇ ಇರುತ್ತವೆ. ಉಬುಂಟು (ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಶುರುಮಾಡಿ, 'ಟ್ರೈ' ಆಯ್ಕೆ ಒತ್ತಿದರೆ ಇನ್‌ಸ್ಟಾಲ್ ಮಾಡದೆಯೇ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಬಹುದು. ಇಲ್ಲವೇ ಡಿಸ್ಕನ್ನೇ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಈಗಲೇ ನೋಡಿ ಬರೆದಿಟ್ಟುಕೊಳ್ಳಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡಬೇಡಿ, ಇನ್ನೂ ಜಾಸ್ತಿ ಹಾಳಾಗುತ್ತದೆ.

ಅಂಗಡಿಗೆ ಕೊಡಲೇಬೇಕಾದರೆ, "ನಾನು ಬಂದು ನೋಡುವವರೆಗೆ ಫಾರ್ಮ್ಯಾಟ್ ಮಾಡಬಾರದು" ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ, ಫೋಟೋ ತೆಗೆದುಕೊಳ್ಳಿ. ಬಾಯಿಮಾತು ಸಾಲದು. ಫೈಲುಗಳು ನುಡಿಯಲ್ಲಿವೆ ಅಂತಲೂ ಬರೆಸಿ.

ಹಿಂದೆ ಯಾರಾದರೂ ಕರಪ್ಟ್ ಅಂತ ಹೇಳಿ ಕೊಟ್ಟ ಪೆನ್‌ಡ್ರೈವ್, ಸಿಡಿ ನಿಮ್ಮ ಮನೆಯಲ್ಲಿದ್ದರೆ ಬಿಸಾಡಬೇಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು ಫೈಲನ್ನು ಮತ್ತೊಮ್ಮೆ ತೆರೆಯಿರಿ. ಕನ್ನಡ ಕಂಡರೆ ಅವತ್ತೇ ಯೂನಿಕೋಡಿಗೆ ಬದಲಾಯಿಸಿ, ಎರಡು ಕಡೆ ಇಡಿ.