ಕಂಟೇನರ್ ಒಳಗೆ ಕೂತು ‘ಫ್ರೀ’ ಕಮಾಂಡ್ ನಂಬಬೇಡಿ

ಮೂರು ದಿನ ಹಾಳು ಮಾಡಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಫೋಟೋಗಳನ್ನು ಸಣ್ಣದು ಮಾಡುವ ಸರ್ವಿಸ್. ಒಂದು ಮುಖ್ಯ ಪ್ರೋಸೆಸ್, ಅದರ ಕೈಕೆಳಗೆ ನಾಲ್ಕು ವರ್ಕರ್‌ಗಳು. ಸರ್ವರ್‌ನಲ್ಲಿ 64 ಜಿಬಿ ಮೆಮೊರಿ ಇದೆ, ಸರ್ವಿಸ್ ಓಡುವ ಕಂಟೇನರ್‌ಗೆ (ಅದೇ ಯಂತ್ರದೊಳಗೆ ಬೇರೆಯಾಗಿ ಕಟ್ಟಿಟ್ಟ ಜಾಗ) ನಾನೇ ಹಾಕಿದ್ದ ಮಿತಿ 2 ಜಿಬಿ. ಒಂದು ದಿನ ವರ್ಕರ್‌ಗಳು ಒಂದೊಂದಾಗಿ ಸಾಯತೊಡಗಿದವು. ಎರರ್ ಇಲ್ಲ, ಏನಿಲ್ಲ, ಲಾಗ್ ನಡುವೆಯೇ ನಿಂತುಹೋಗಿರುತ್ತಿತ್ತು. ಒಳಗೆ ಹೋಗಿ, ಎಷ್ಟು ಮೆಮೊರಿ ಖಾಲಿ ಇದೆ ಅಂತ ಹೇಳುವ ‘ಫ್ರೀ’ ಕಮಾಂಡ್ ಹೊಡೆದೆ. 50 ಜಿಬಿ ಖಾಲಿ ಅಂತ ತೋರಿಸಿತು. ಮೆಮೊರಿ ಧಾರಾಳವಾಗಿದೆ ಅಲ್ವಾ ಅಂದುಕೊಂಡು ಕೋಡ್ ಕೆದಕಲು ಕೂತೆ. ಎಡವಿದ್ದೇ ಅಲ್ಲಿ. ‘ಫ್ರೀ’ ಕೊಡುವುದು ಇಡೀ ಯಂತ್ರದ ಲೆಕ್ಕ, ಕಂಟೇನರ್‌ನ ಮಿತಿ ಅದಕ್ಕೆ ಗೊತ್ತೇ ಇರುವುದಿಲ್ಲ.

ಕಂಟೇನರ್ ರೀಸ್ಟಾರ್ಟ್ ಆಗಿದ್ದರಾದರೂ ಅನುಮಾನ ಬರುತ್ತಿತ್ತು, ಅದೂ ಆಗಲಿಲ್ಲ. ಮುಖ್ಯ ಪ್ರೋಸೆಸ್ಸೇ ಸತ್ತರೆ ಎಕ್ಸಿಟ್ ಕೋಡ್ 137 ಕಾಣುತ್ತದೆ (128ಕ್ಕೆ ಸಿಗ್‌ಕಿಲ್, ಅಂದರೆ ಪ್ರೋಸೆಸ್ಸನ್ನು ಬಲವಂತವಾಗಿ ಕೊಲ್ಲುವ ಸಂಕೇತದ ಸಂಖ್ಯೆ 9 ಸೇರಿಸಿ). ಇಲ್ಲಿ ಮೆಮೊರಿ ಮಿತಿ ಮೀರಿದಾಗ ಕರ್ನಲ್ (ಲಿನಕ್ಸ್‌ನ ತಿರುಳು) ಹೊಡೆಯುತ್ತಿದ್ದದ್ದು ವರ್ಕರ್‌ಗಳನ್ನು, ಮುಖ್ಯ ಪ್ರೋಸೆಸ್ ಸುಮ್ನೆ ಹೊಸದೊಂದನ್ನು ಎಬ್ಬಿಸುತ್ತಿತ್ತು, ಹೊರಗಿಂದ ನೋಡಿದರೆ ಎಲ್ಲ ಹಸಿರು.

ಮೂರನೇ ದಿನ ಸಿಗ್ರೂಪ್ (ಕಂಟೇನರ್‌ನ ಮಿತಿ, ಬಳಕೆಯ ಲೆಕ್ಕ ಇಡುವ ಕರ್ನಲ್ ವ್ಯವಸ್ಥೆ) ಫೋಲ್ಡರ್ ತೆರೆದು ‘ಮೆಮೊರಿ.ಇವೆಂಟ್ಸ್’ ಫೈಲ್ ನೋಡಿದೆ. ‘ಊಮ್_ಕಿಲ್ 41’, ಅಂದರೆ ಮೆಮೊರಿ ಸಾಲದೆ ಕರ್ನಲ್ ಕೊಂದ ಪ್ರೋಸೆಸ್‌ಗಳ ಎಣಿಕೆ. ನಲವತ್ತೊಂದು! ಹೋಸ್ಟ್‌ನ (ಕಂಟೇನರ್ ಹೊತ್ತ ಸರ್ವರ್‌ನ) ಕರ್ನಲ್ ಲಾಗ್ ಆದ ಡಿಮೆಸೇಜ್‌ನಲ್ಲೂ ಅಷ್ಟೂ ಸಾವುಗಳು ದಾಖಲಾಗಿದ್ದವು, ನೋಡಬೇಕಾದವನು ನೋಡಿರಲಿಲ್ಲ ಅಷ್ಟೇ.

ಮಿತಿ 4 ಜಿಬಿಗೆ ಏರಿಸಿದೆ. ಅರ್ಧ ದಿನ ಉಸಿರಾಡಿತು, ಮತ್ತೆ ಅದೇ ಕಥೆ. ಆಮೇಲೆ ‘ಮೆಮೊರಿ.ಸ್ಟ್ಯಾಟ್’ ಓದಿದಾಗ ಶ್‌ಮೆಮ್ (ಹಂಚಿಕೆಯ ಮೆಮೊರಿ) ಅನ್ನೋ ಸಾಲು ಒಂದೇ 3 ಜಿಬಿ ದಾಟಿತ್ತು. ವೇಗ ಜಾಸ್ತಿ ಆಗಲಿ ಅಂತ ಟೆಂಪ್ ಫೋಲ್ಡರನ್ನು ಟಿಎಂಪಿಎಫ್‌ಎಸ್ (ಡಿಸ್ಕ್ ಬದಲು ಮೆಮೊರಿಯಲ್ಲೇ ಫೈಲ್ ಇಡುವ ವ್ಯವಸ್ಥೆ) ಮೇಲೆ ಇಟ್ಟಿದ್ದೆ, ನನ್ನದೇ ಜಾಣತನ. ಅದರಲ್ಲಿ ಬರೆದ ಫೈಲ್‌ಗಳೂ ಕಂಟೇನರ್‌ನ ಮೆಮೊರಿ ಲೆಕ್ಕಕ್ಕೇ ಬೀಳುತ್ತವೆ. ಇನ್ನೂ ಕೆಟ್ಟದ್ದೆಂದರೆ, ವರ್ಕರ್ ಸತ್ತರೂ ಅದರ ಅರೆಬರೆ ಫೈಲ್‌ಗಳು ಅಲ್ಲೇ ಉಳಿಯುತ್ತವೆ, ಹಾಗಾಗಿ ಒಂದೊಂದು ಸಾವಿಗೂ ಜಾಗ ಇನ್ನಷ್ಟು ಕಮ್ಮಿಯಾಗಿ ಮುಂದಿನ ವರ್ಕರ್ ಇನ್ನೂ ಬೇಗ ಸಾಯುತ್ತಿತ್ತು.

ನಿಮ್ಮಲ್ಲೂ ಪ್ರೋಸೆಸ್ ಸದ್ದಿಲ್ಲದೆ ಸಾಯುತ್ತಿದ್ದರೆ ಕೋಡ್ ಮುಟ್ಟುವ ಮುಂಚೆ ಈ ಎರಡು ಫೈಲ್ ನೋಡಿ. ಹಳೇ ಜಾವಾ ಇದ್ದರಂತೂ ಕಡ್ಡಾಯ. 8ರ 191ನೇ ಅಪ್‌ಡೇಟ್‌ಗಿಂತ ಹಿಂದಿನದಾದರೆ ಅದೂ ಇಡೀ ಯಂತ್ರದ ಮೆಮೊರಿ ನೋಡಿ, ಅದರ ಕಾಲು ಭಾಗ ಹೀಪ್‌ಗೆ (ಪ್ರೋಗ್ರಾಂ ತನ್ನ ಡೇಟಾ ಇಡುವ ಮೆಮೊರಿಗೆ) ಸಿಗುತ್ತದೆ ಅಂದುಕೊಳ್ಳುತ್ತದೆ.

ನಾನು ಟೆಂಪ್ ಫೋಲ್ಡರನ್ನು ಡಿಸ್ಕ್‌ಗೆ ಹಾಕಿ, ಮಿತಿಯನ್ನು ವಾಪಸ್ 2 ಜಿಬಿಗೆ ಇಳಿಸಿದೆ. ಹತ್ತು ದಿನ ಆಯಿತು, ಊಮ್_ಕಿಲ್ ಸೊನ್ನೆಯಲ್ಲೇ ಇದೆ.