ಮಲ್ಪೆಯಲ್ಲಿ ಒಂದು ದಿನದ ಕೇದರ ಬೇಟೆ: ತಾಂಡೇಲರು ಉತ್ತಮ, ಐಸ್ ಸಾಲದು

ಕೆರೆಯ ಕಟ್ಲಾ, ರೋಹುಗಳಿಗೆ ಗಾಳ ಹಾಕುತ್ತಲೇ ಬೆಳೆದ ತುಮಕೂರಿನ ನಾವು ಐವರು ಗೆಳೆಯರು ಕಳೆದ ನವೆಂಬರಿನಲ್ಲಿ ಟ್ಯೂನಾ ಹಿಡಿಯಲೆಂದು ಮಲ್ಪೆಯಲ್ಲಿ ಬಾಡಿಗೆ ದೋಣಿ ಹತ್ತಿದೆವು. ಕರಾವಳಿಯವರು ಈ ಮೀನನ್ನು ಕೇದರ ಎನ್ನುತ್ತಾರೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಆಮೇಲೂ ಕೆಲಕಾಲ ಕಡಲು ಒರಟಾಗಿರುವುದರಿಂದ ನಾವು ಮಳೆಗಾಲ ಪೂರ್ತಿ ಕಳೆಯಲಿ ಎಂದು ಕಾದಿದ್ದೆವು. ಐವರಿಗೂ ಸೇರಿ 18,000 ರೂಪಾಯಿ. ಗಾಳ, ರೀಲು, ಊಟ, ಐಸ್ ಎಲ್ಲವೂ ಅದರಲ್ಲೇ ಎಂದು ಮಾತಾಗಿತ್ತು.

ದೋಣಿ ನಡೆಸಿದ ತಾಂಡೇಲರನ್ನು ಎಷ್ಟು ಹೊಗಳಿದರೂ ಸಾಲದು. ನಸುಕಿಗೆ ಮೊದಲೇ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ಒಬ್ಬೊಬ್ಬರ ಪಟ್ಟಿಯನ್ನೂ ತಾವೇ ಎಳೆದು ನೋಡಿದ ಮೇಲೆಯೇ ಎಂಜಿನ್ ಚಾಲೂ ಮಾಡಿದರು. ಸೇಂಟ್ ಮೇರೀಸ್ ದ್ವೀಪ ಹಿಂದೆ ಸರಿದ ಮೇಲೆ ಅವರ ಕಣ್ಣೆಲ್ಲ ಆಕಾಶದ ಮೇಲಿತ್ತು. “ಹಕ್ಕಿ ಎಲ್ಲಿ ಎರಗ್ತದೋ ಅಲ್ಲಿ ಕೇದರ ಉಂಟು ಮಾರಾಯ್ರೇ” ಎಂದರು. ಕೇದರ ಸಣ್ಣ ಮೀನುಗಳನ್ನು ಕೆಳಗಿನಿಂದ ಅಟ್ಟಿದಾಗ ಹಕ್ಕಿಗಳು ಮೇಲಿನಿಂದ ಎರಗುತ್ತವೆ. ಅಂಥ ಹಿಂಡಿನ ನಡುವೆ ದೋಣಿ ನುಗ್ಗಿಸದೆ, ಅಂಚಿನಲ್ಲೇ ಸುತ್ತಿಸುತ್ತ, ಕೃತಕ ಮೀನು ಕಟ್ಟಿದ ದಾರಗಳನ್ನು ಹಿಂದೆ ಬಿಡಿಸಿದರು. ಕಟ್ಲಾ ಭಾರವಾಗಿ ಜಗ್ಗುತ್ತದೆ. ಕೇದರವಾದರೋ ಆಳಕ್ಕೆ ಧುಮುಕಿ ದಾರವನ್ನು ಸರ್ರನೆ ಎಳೆದೊಯ್ಯುತ್ತದೆ, ನಮ್ಮ ತೋಳು ಸೋತರೂ ಅದು ಸೋಲುವುದಿಲ್ಲ. ಮಧ್ಯಾಹ್ನದೊಳಗೆ ಎರಡು, ಮೂರು ಕಿಲೋ ತೂಗುವ 9 ಮೀನು ಸಿಕ್ಕವು. ಬೆನ್ನಿನ ಮೇಲೆ ಅಲೆಯಂಥ ಕಡುಗೆರೆಗಳು, ಎದೆಯ ರೆಕ್ಕೆಯ ಕೆಳಗೆ ಶಾಯಿಯ ಬೆರಳು ಒತ್ತಿದಂತೆ ನಾಲ್ಕಾರು ಕಪ್ಪು ಚುಕ್ಕೆಗಳು. ಹಲಗೆಯ ಮೇಲೆ ಬಾಲ ಬಡಿಯುವ ಸದ್ದು ತಮಟೆಯ ಹಾಗೆ ಕೇಳುತ್ತಿತ್ತು.

ನನ್ನ ದೂರು ಐಸಿನದು. ಕೇದರದ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ, ಸೆಣಸಿ ಬಂದ ಮೀನು ಇನ್ನಷ್ಟು ಬಿಸಿಯಾಗಿರುತ್ತದೆ. ಕಿವಿರಿನ ಬಳಿ ಕೊಯ್ದು ರಕ್ತ ಬಸಿದು ಕೂಡಲೇ ಐಸಿನಲ್ಲಿ ಹೂಳದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ. ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ, ತಿಂದವರ ಮೈ ಕೆಂಪೇರಿ ತುರಿಕೆ, ತಲೆನೋವು ಬರುತ್ತವೆ. ತಾಂಡೇಲರು ರಕ್ತವನ್ನೇನೋ ಚೆನ್ನಾಗಿ ಬಸಿದರು. ಆದರೆ ದೋಣಿಯ ಮಾಲೀಕರು ಹಾಕಿಸಿದ್ದುದು ಅರ್ಧ ಚೀಲ ಐಸ್ ಮಾತ್ರ. 11 ಗಂಟೆಯ ಹೊತ್ತಿಗೆ ಪೆಟ್ಟಿಗೆಯಲ್ಲಿ ಉಳಿದಿದ್ದುದು ಕೆಂಪು ನೀರು. ಕೊನೆಗೆ ಸಿಕ್ಕ ಮೂರು ಮೀನು ಆ ಬೆಚ್ಚನೆಯ ನೀರಿನಲ್ಲೇ ದಡ ಕಂಡವು. ಊರವರಾಗಿದ್ದರೆ ಬೇಗ ಮನೆ ಸೇರಿಸಬಹುದಿತ್ತೇನೋ; ನಮಗೆ ಮುಂದೆ ಚಾರ್ಮಾಡಿ ಘಾಟಿ ಹತ್ತಿ, ಬೇಲೂರು, ಅರಸೀಕೆರೆ, ತಿಪಟೂರು ದಾಟುವ 300 ಕಿಲೋಮೀಟರಿಗೂ ಮೀರಿದ ದಾರಿಯಿತ್ತು. ಆ ಮೂರನ್ನೂ ಚೆಲ್ಲಿದೆವು. ಅಷ್ಟು ಚೆಂದದ ಜೀವವನ್ನು ಕೊಂದು ಚೆಲ್ಲಬೇಕಾಯಿತಲ್ಲ ಎಂಬ ಸಂಕಟ ಇನ್ನೂ ಇದೆ.

ಬಂದರಿನಲ್ಲಿ ನಾವೇ ಐಸ್ ಕೊಂಡು ಮುಚ್ಚಿ ತಂದ ಆರು ಮೀನು ಮರುದಿನ ತುಮಕೂರಿನಲ್ಲಿ ಹುಣಸೆಹುಳಿಯ ಸಾರಾದವು. ಗಟ್ಟಿಯಾದ ಆ ಕೆಂಪು ಮಾಂಸ ರಾಗಿಮುದ್ದೆಗೆ ಹೇಳಿ ಮಾಡಿಸಿದಂತಿತ್ತು.

ನಮ್ಮ ಕಡೆಯಿಂದ ಹೋಗುವವರು ದೋಣಿ ಬಿಡುವ ಮುನ್ನ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ತುಂಬ ಐಸ್ ಇಲ್ಲದಿದ್ದರೆ ಹಾಕಿಸಿಕೊಂಡೇ ಹೊರಡಬೇಕು. ಫೆಬ್ರವರಿಗೆ ಮತ್ತೆ ಅದೇ ತಾಂಡೇಲರನ್ನು ಕೇಳಿಕೊಂಡಿದ್ದೇವೆ. ಪೆಟ್ಟಿಗೆಯನ್ನು ಮಾತ್ರ ಇಲ್ಲಿಂದಲೇ ಒಯ್ಯುತ್ತೇವೆ.