ಎರಿ, ಮಸಾರಿ, ಗರಸು: ಎರಡು ಮಳೆಗಾಲ ಕಂಡ 50:50 ಟೈರ್

ಬೈಕು ಹೀರೋ ಎಕ್ಸ್‌ಪಲ್ಸ್ 200 4ವಿ. ಟೈರಿನ ಅಳತೆ ಮುಂದೆ 90/90-21, ಹಿಂದೆ 120/80-18, ಎರಡಕ್ಕೂ ಟ್ಯೂಬ್. ಹಾಕಿಸಿದ್ದು ಡಾಂಬರಿಗೂ ಮಣ್ಣಿಗೂ ಸಮಪಾಲು ಅನ್ನುವ 50:50 ಟೈರ್.

ನವಲಗುಂದ, ನರಗುಂದದ ಎರಿ (ಕಪ್ಪು ಮಣ್ಣಿನ) ಹೊಲದ ದಾರಿ ಒಣಗಿದ್ದರೆ ಹತ್ತಕ್ಕೆ ಎಂಟು ಅಂಕ. ಮಳೆ ಬಿತ್ತೋ, ಸೊನ್ನೆ. ಎರಿ ಮಣ್ಣು ನೀರು ಕುಡಿದು ಉಬ್ಬಿ ಬಟನ್‌ಗಳ (ಟೈರಿನ ಮೈಮೇಲಿನ ಉಬ್ಬು ತುಂಡುಗಳ) ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಆಮೇಲೆ ಟೈರ್ ಅಂದರೆ ನುಣ್ಣನೆಯ ಮಣ್ಣಿನ ಗಾಲಿ. ಮಣ್ಣಿಗೆಂದೇ ಮಾಡಿದ ಪೂರ್ತಿ ಬಟನ್ ಟೈರಿನ ಸಂದಿ ಅಗಲ, ಗಾಲಿ ಜೋರಾಗಿ ತಿರುಗಿದರೆ ರಾಡಿ ಸಿಡಿದು ಹೋಗುತ್ತದೆ. ನಿಧಾನಿಸಿದರೆ ಅದರ ಗತಿಯೂ ಇದೇ. ಮುಂದಿನ ಗಾಲಿಗೆ ತಾಗಿದಂತೆ ಕೆಳ ಮಡ್‌ಗಾರ್ಡ್ ಇರುವ ಬೈಕಾದರೆ ರಾಡಿ ತುಂಬಿ ಗಾಲಿಯೇ ನಿಲ್ಲುತ್ತದೆ. ಅಲ್ಲಿ ಟೈರ್ ಬದಲಿಸಿ ಉಪಯೋಗವಿಲ್ಲ. ಟ್ರ್ಯಾಕ್ಟರೇ ಇಳಿಯದ ದಿನ ಬೈಕು ಯಾಕೆ?

ಕಲಘಟಗಿ, ಹಾನಗಲ್ ಕಡೆಯ ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಹಾಗಲ್ಲ. ಮೇಲ್ಪದರ ಜಾರಿದರೂ ಕೆಳಗೆ ಗಟ್ಟಿ ನೆಲ ಸಿಗುತ್ತದೆ, ಬಟನ್ ಕಚ್ಚುತ್ತದೆ. ಈ ಟೈರಿಗೆ ಹೇಳಿ ಮಾಡಿಸಿದ ಜಾಗ.

ಕಪ್ಪತಗುಡ್ಡದ ಅಂಚಿನ ಊರುಗಳ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಕಲ್ಲಿನ ದಾರಿಯಲ್ಲಿ (ಗುಡ್ಡ ವನ್ಯಜೀವಿಧಾಮ, ಒಳಗೆ ಬೈಕು ನುಗ್ಗಿಸಬೇಡಿ) ಟೈರಿಗಿಂತ ಹವಾ ಮುಖ್ಯ. 20ರಿಂದ 22 ಪಿಎಸ್‌ಐ ಸಾಕು. ಇನ್ನೂ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ. ಜಾಲಿ ಮುಳ್ಳಿನದಾದರೆ ಒಂದೇ ತೂತು. ಪ್ಯಾಚ್ ಹಾಕಿಸುವಾಗ ನೋಡಿದರೆ ತಪ್ಪು ಹವಾದ್ದೋ ಮುಳ್ಳಿನದ್ದೋ ಗೊತ್ತಾಗುತ್ತದೆ. ಮುಳ್ಳಿನದಾದರೆ ಟೈರಿನ ಒಳಮೈ ಸವರಿ, ಮುರಿದ ತುದಿ ತೆಗೆಸದೆ ಟ್ಯೂಬ್ ಕೂರಿಸಬೇಡಿ.

ಹವಾ ಕಡಿಮೆ ಇದ್ದಾಗ ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ವಾಲಿದ್ದು ಕಂಡರೆ ಅದೇ ಕಾರಣ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲೆ, ಕ್ಯಾಪಿನ ಬುಡಕ್ಕೆ ಏರಿಸಿಡಿ: ವಾಲಿದ್ದು ಬೇಗ ಕಾಣುತ್ತದೆ, ಬುಡ ಹರಿಯುವುದು ತಪ್ಪುತ್ತದೆ.

ದೊಡ್ಡ ಕೊರತೆ ಹಿಂದಿನ ಟೈರಿನದು. ಧಾರವಾಡ–ಹಾವೇರಿ ಹೈವೇ ಓಡಾಟದಲ್ಲಿ ನಡುಸಾಲಿನ ಬಟನ್ ಮೊದಲು ಸವೆದು ಚಪ್ಪಟೆಯಾಗುತ್ತದೆ, ಪಕ್ಕದವು ಹೊಸದರಂತೆ ಉಳಿಯುತ್ತವೆ. ಹವಾ ಇಳಿಸಿದ್ದನ್ನು ಮರೆತು ಡಾಂಬರು ಹತ್ತಿದರೆ ಟೈರ್ ಬಿಸಿಯಾಗಿ ಇನ್ನೂ ಬೇಗ. ಸಣ್ಣ ಪಂಪ್ ಬ್ಯಾಗಿನಲ್ಲಿರಲಿ, ಕಂಪನಿ ಹೇಳಿದಷ್ಟು ತುಂಬಿಸಿಯೇ ಹೈವೇ ಹತ್ತಿ.

ಕೊಳ್ಳುವಾಗ ಟೈರಿನ ಪಕ್ಕದ ಗೋಡೆಯ ನಾಲ್ಕಂಕಿ ಓದಿ: 2324 ಅಂದರೆ 2024ರ 23ನೇ ವಾರದ ಮಾಲು. ಹಾಕಿಸುವಾಗ ಬಾಣದ ಗುರುತು ಗಾಲಿ ತಿರುಗುವ ದಿಕ್ಕಿಗಿದೆಯೇ ನೋಡಿ.